ಗೋಧಿಯ ಕಾಳೂ ಬೇಸಗೆಯ ಕಾವೂ

೧

ಧಾನ್ಯವನ್ನು ಮಾಗಿಸುವುದು ಸೂರ್ಯನ ಕಾವೆಂಬುದು ಎಲ್ಲ ದೇಶಗಳ ಬೇಸಾಯಗಾರರೂ ಬಲ್ಲ ಸಂಗತಿ. ಅದೇ ಕಾವು ಮಿತಿಮೀರಿದರೆ ಕಾಳನ್ನು ಬಲಿಯಗೊಡದೆ ಬತ್ತಿಸಿಬಿಡುವುದೆಂಬುದೂ ಅಷ್ಟೇ ಹಳೆಯ ಅನುಭವ. ಗೋಧಿಯ ವಿಷಯದಲ್ಲಿ ಈ ಉಪಕಾರಕ್ಕೂ ಅಪಕಾರಕ್ಕೂ ನಡುವಣ ಅಂತರ ಬಹು ಕಡಮೆ. ಗೋಧಿಯು ತಂಪನ್ನು ಬಯಸುವ ಪೈರು. ಹೂಬಿಟ್ಟಂದಿನಿಂದ ಕಾಳು ಬಲಿಯುವವರೆಗಿನ ಮೂವತ್ತು ನಲವತ್ತು ದಿನಗಳಲ್ಲಿ ಹವೆಯು ಹೇಗಿರುವುದೋ ಅದರ ಮೇಲೆ ಇಡೀ ವರ್ಷದ ಫಲವು ನಿಂತಿರುತ್ತದೆ. ಭರತಖಂಡದಂತಹ ದೇಶದಲ್ಲಿ ಈ ದಿನಗಳು ಚಳಿಗಾಲದ ಕೊನೆಗೂ ಬೇಸಗೆಯ ಮೊದಲಿಗೂ ನಡುವಣ ಇಕ್ಕಟ್ಟಿನಲ್ಲಿ ಬೀಳುವುದರಿಂದ, ಬೇಸಗೆಯು ಒಂದು ವಾರ ಮುಂಚೆ ಬಂದರೂ ಬಿತ್ತನೆಯು ಒಂದು ವಾರ ತಡವಾದರೂ ಕಾಳಿನ ತೂಕದಲ್ಲಿ ಅದು ಕಂಡುಬರದೆ ಇರುವುದಿಲ್ಲ.

ಈ ಸಂಕಟವನ್ನು ಎದುರಿಸುವ ಬಗೆಗಳು ಎರಡು. ಬೇಸಗೆ ಬಲಿಯುವುದಕ್ಕೆ ಮೊದಲೇ ಬೆಳೆಯು ಮುಗಿದುಹೋಗುವಂತೆ ಮಾಡಿ ಕಾವಿನಿಂದ ತಪ್ಪಿಸಿಕೊಳ್ಳುವುದು ಒಂದು. ಕಾವಿನ ನಡುವೆ ನಿಂತೇ ಕಾಳು ಕಟ್ಟಬಲ್ಲ ತಳಿಯನ್ನು ಪಡೆದು ಅದನ್ನು ತಾಳಿಕೊಳ್ಳುವುದು ಇನ್ನೊಂದು. ಕಳೆದ ನೂರು ವರ್ಷಗಳಿಗೂ ಮೇಲ್ಪಟ್ಟು ಗೋಧಿಯ ತಳಿಗಾರರು ಕಾವಿನ ವಿಷಯದಲ್ಲಿ ಪಡೆದ ಜಯಗಳಲ್ಲಿ ಬಹುಪಾಲು ಮೊದಲನೆಯ ಬಗೆಗೆ ಸೇರಿದುವು. ಆ ಉಪಾಯವು ಎಲ್ಲಿ ಹುಟ್ಟಿ ಹೇಗೆ ಭರತಖಂಡವನ್ನು ಮುಟ್ಟಿತು, ಇಲ್ಲಿ ಗಳಿಸಿದ ದಿನಗಳು ಯಾವ ಕಾರಣದಿಂದ ಮತ್ತೆ ಕೈಬಿಟ್ಟುಹೋದುವು, ಎರಡನೆಯ ಬಗೆಯ ಕಡೆಗೆ ಈಗ ಏಕೆ ತಿರುಗಬೇಕಾಗಿದೆ ಎಂಬುದೇ ಇಲ್ಲಿಯ ವಿಚಾರ.

೨

ಕಾವಿಗೂ ಪೈರಿನ ಮಾಗುವಿಕೆಗೂ ಇರುವ ಸಂಬಂಧವನ್ನು ಮೊದಲು ಲೆಕ್ಕಕ್ಕೆ ತಂದವರು ಫ್ರಾನ್ಸ್ ದೇಶದ ರೆಯೊಮ್ಯೂರ್ ಎಂಬ ವಿದ್ವಾಂಸರು. ತಾಪಮಾಪಕದ ಒಂದು ಅಳತೆಗೆ ಇವರ ಹೆಸರೇ ನಿಂತಿದೆ. ದಿನದಿನದ ತಾಪಮಾನಗಳನ್ನು ಕೂಡಿಸುತ್ತ ಹೋದರೆ, ಬೆಳೆಯು ಮಾಗುವುದಕ್ಕೆ ಬೇಕಾದ ಮೊತ್ತವು ಹೆಚ್ಚು ಕಡಮೆ ನಿಯತವಾಗಿರುವುದೆಂಬ ಭಾವನೆಯನ್ನು ಇವರು ೧೭೩೫ರಲ್ಲಿ ಮುಂದಿಟ್ಟರು. ತಂಪಾದ ವರ್ಷದಲ್ಲಿ ಆ ಮೊತ್ತವು ಕೂಡಲು ದಿನಗಳು ಹೆಚ್ಚು ಬೇಕು. ಬಿಸಿಯಾದ ವರ್ಷದಲ್ಲಿ ಸ್ವಲ್ಪ ದಿನಗಳು ಸಾಕು. ಉತ್ತರದ ಚಳಿದೇಶಗಳಲ್ಲಿ, ಮಳೆಯೂ ಮಂಜೂ ಬರುವುದಕ್ಕೆ ಮುಂಚೆ ಬೆಳೆಯು ಮಾಗುವುದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದವರಿಗೆ ಈ ಲೆಕ್ಕವು ಸಮಾಧಾನವನ್ನು ಕೊಡುವಂಥದು. ಬಿಸಿದೇಶಗಳಲ್ಲಿ ಅದೇ ಲೆಕ್ಕವು ತಿರುಗಿ ಬೀಳುತ್ತದೆ. ಏಕೆಂದರೆ, ಮಾಗುವ ದಿನಗಳು ಕಡಮೆಯಾದರೆ ಕಾಳಿಗೆ ಹಿಟ್ಟು ತುಂಬುವ ದಿನಗಳೂ ಅಷ್ಟೇ ಕಡಮೆಯಾದುವೆಂದು ಅರ್ಥ.

ಕಾಳಿನ ಒಳಗೆ ನಡೆಯುವ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಿದರೆ ಇದು ಸ್ಪಷ್ಟವಾಗುವುದು. ತೆನೆಯು ಇನ್ನೂ ಹೊಡೆಯ ಒಳಗಿರುವಾಗಲೇ ಪರಾಗವು ಸಿದ್ಧವಾಗತೊಡಗುತ್ತದೆ. ಆ ಸಮಯದಲ್ಲಿ ಸೆಂಟಿಗ್ರೇಡ್ ೩೦ ಡಿಗ್ರಿಯ ಕಾವು ಮೂರು ದಿನ ತಾಗಿದರೂ ಕಾಳು ಕೂರುವುದು ಕಡಮೆಯಾಗುವುದೆಂದು ಸೈನಿ ಮತ್ತು ಆಸ್ಪಿನಾಲ್ ಎಂಬುವರು ೧೯೮೨ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತಿಳಿದುಬಂದಿದೆ. ಹೂವು ಫಲಿಸಿದ ಮೇಲೆ ಮೊದಲ ಎರಡು ವಾರಗಳಲ್ಲಿ ಕಾಳಿನೊಳಗೆ ಆಹಾರವನ್ನು ಕೂಡಿಡುವ ಕಣಗಳು ಒಂದರಿಂದ ಎರಡಾಗಿ ಎರಡರಿಂದ ನಾಲ್ಕಾಗಿ ಬೆಳೆಯುತ್ತವೆ. ಇದನ್ನು ಕಣಜದ ಕೋಣೆಗಳನ್ನು ಕಟ್ಟುವ ಕಾಲವೆನ್ನಬಹುದು. ಆಮೇಲೆ ಎಲೆಯಲ್ಲಿ ತಯಾರಾದ ಸಕ್ಕರೆಯು ಹರಿದುಬಂದು ಪಿಷ್ಟವಾಗಿ ಆ ಕೋಣೆಗಳನ್ನು ತುಂಬುವುದು. ಕಾಳು ಮೊದಲು ಹಾಲಾಗಿ, ಬಳಿಕ ಹಿಟ್ಟಿನ ಮುದ್ದೆಯಂತಾಗಿ, ಕೊನೆಗೆ ಗಟ್ಟಿಯಾಗುವುದು ಈ ಕಾಲದಲ್ಲಿಯೇ.

ಕಾವು ಮೊದಲ ಭಾಗದಲ್ಲಿ ಬಂದರೆ ಕೋಣೆಗಳ ಸಂಖ್ಯೆಯೇ ಕುಗ್ಗುತ್ತದೆ. ಎರಡನೆಯ ಭಾಗದಲ್ಲಿ ಬಂದರೆ ಕೋಣೆಗಳಿದ್ದೂ ಅವು ತುಂಬದೆ ಉಳಿಯುತ್ತವೆ. ಬಿಸಿಯೇರಿದಂತೆ ತುಂಬುವ ವೇಗವೂ ಒಂದಷ್ಟು ಹೆಚ್ಚುವುದುಂಟು. ಆದರೆ ದಿನಗಳು ಕಡಮೆಯಾದ ನಷ್ಟವನ್ನು ಆ ವೇಗವು ತುಂಬಿಕೊಡಲಾರದು. ಅಲ್ಲದೆ, ಸಕ್ಕರೆಯನ್ನು ಪಿಷ್ಟವಾಗಿ ಮಾರ್ಪಡಿಸುವ ಕಿಣ್ವಗಳಲ್ಲಿ ಒಂದು ಕಾವಿಗೆ ಬೇಗ ಸೋಲುವಂಥದು. ೨೫ ಡಿಗ್ರಿಯನ್ನು ದಾಟಿದಂತೆಲ್ಲ ಅದರ ಶಕ್ತಿಯು ಕುಂದುವುದರಿಂದ, ಸಕ್ಕರೆಯು ಬಾಗಿಲವರೆಗೆ ಬಂದಿದ್ದರೂ ಪಿಷ್ಟವಾಗದೆ ನಿಲ್ಲುತ್ತದೆ. ಎಲೆಗಳೂ ಕಾಲಕ್ಕೆ ಮೊದಲೇ ಹಸುರನ್ನು ಕಳೆದುಕೊಂಡು ಒಣಗುತ್ತವೆ. ಪಿಷ್ಟಕ್ಕೆ ಆದಷ್ಟು ಹಾನಿ ಸಸಾರಜನಕಕ್ಕೆ ಆಗುವುದಿಲ್ಲವಾದುದರಿಂದ, ಸೊರಗಿದ ಕಾಳಿನಲ್ಲಿ ಅದರ ಪ್ರಮಾಣವು ಹೆಚ್ಚಾಗಿರುವಂತೆ ಕಾಣುವುದು. ಆದರೆ ಅಂತಹ ಕಾಳಿನ ಹಿಟ್ಟನ್ನು ನಾದಿದಾಗ ಅದರ ಬಿಗಿ ಸಡಿಲವಾಗಿರುವುದುಂಟು.

ಈ ವಿಷಯಗಳನ್ನು ಬಿಡಿಬಿಡಿಯಾಗಿ ಅಳೆಯಲು, ಹವೆಯನ್ನು ಬೇಕಾದಂತೆ ಹಿಡಿತದಲ್ಲಿಡುವ ಕೋಣೆಗಳು ಬೇಕಾಗಿದ್ದುವು. ಹೊಲದಲ್ಲಿ ಕಾವು, ನೀರಿನ ಕೊರತೆ, ಒಣಗಾಳಿ ಮೂರೂ ಒಟ್ಟಿಗೆ ಬರುವುದರಿಂದ ಯಾವುದರಿಂದ ಎಷ್ಟು ಹಾನಿಯೆಂಬುದು ಗೊತ್ತಾಗುವುದಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ ಇಂತಹ ಕೋಣೆಗಳ ದೊಡ್ಡ ಮಂದಿರವೊಂದು ೧೯೬೨ರಲ್ಲಿ ತೆರೆಯಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಆಸನಾ ಅವರೂ ಆಸ್ಟ್ರೇಲಿಯಾದ ವಿಲಿಯಮ್ಸ್ ಅವರೂ ಕೂಡಿ, ಗೋಧಿಯ ಕಾಳಿನ ಬೆಳವಣಿಗೆಯ ಮೇಲೆ ತಾಪದ ಪರಿಣಾಮವನ್ನು ಕುರಿತ ಪ್ರಬಂಧವನ್ನು ೧೯೬೫ರಲ್ಲಿ ಪ್ರಕಟಿಸಿದರು. ಅದೇ ಕ್ಯಾನ್‌ಬೆರಾದಲ್ಲಿ ವಾರ್ಡ್‌ಲಾ ಮತ್ತು ಅವರ ಜೊತೆಗಾರರು ಮುಂದೆ ಅನೇಕ ದೇಶಗಳ ತಳಿಗಳನ್ನು ಹೋಲಿಸಿ ನೋಡಿದರು. ಕಾಳು ಬಲಿಯುವ ಕಾಲದಲ್ಲಿ ೧೫ ಡಿಗ್ರಿಯಿಂದ ಮೇಲೇರಿದ ಒಂದೊಂದು ಡಿಗ್ರಿಗೂ ಕಾಳಿನ ತೂಕವು ಸರಾಸರಿಯಲ್ಲಿ ಶೇಕಡಾ ೩ರಿಂದ ೪ರಷ್ಟು ಇಳಿಯುವುದೆಂದೂ, ಈ ಇಳಿತವು ಎಲ್ಲ ತಳಿಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲವೆಂದೂ ೧೯೮೯ರ ವೇಳೆಗೆ ಸ್ಥಿರಪಟ್ಟಿತು. ಈ ಎರಡನೆಯ ಅಂಶದ ಬೆಲೆಯು ಮುಂದೆ ತಿಳಿಯುವುದು.

೩

ರೋಗದ ಮೂಲವು ತಿಳಿಯುವುದಕ್ಕೆ ಅರ್ಧ ಶತಮಾನದ ಮೊದಲೇ ಔಷಧವೊಂದು ದೊರೆತಿದ್ದುದು ಈ ಚರಿತ್ರೆಯ ವಿಶೇಷ. ಅದು ದೊರೆತುದು ಇಟಲಿ ದೇಶದಲ್ಲಿ. ಅಲ್ಲಿಯ ಗೋಧಿಯು ಜೂನ್ ತಿಂಗಳಿನಲ್ಲಿ ಹಾಲುಗಾಳಾಗಿರುವಾಗ ಒಮ್ಮೆಗೇ ಬಿಸಿಗಾಳಿ ಬೀಸಿ ಕಾಳು ಸೊರಗಿಹೋಗುವುದುಂಟು. ಇದಕ್ಕೆ ಅಲ್ಲಿಯ ರೈತರು 'ಸ್ತ್ರೆತ್ತಾ' ಎಂದು ಹೆಸರಿಟ್ಟಿದ್ದರು. ಹಿಂಡುವ ಹಿಡಿತವೆಂದು ಆ ಮಾತಿನ ಅರ್ಥ.

೧೮೬೬ರಲ್ಲಿ ಹುಟ್ಟಿದ ನಜಾರೆನೊ ಸ್ತ್ರಾಂಪೆಲ್ಲಿ ಎಂಬವರು ೧೯೦೩ರಲ್ಲಿ ರಿಯೇತಿ ಎಂಬ ಊರಿಗೆ ಗೋಧಿಯ ಬೇಸಾಯದ ಉಪದೇಶಕರಾಗಿ ಬಂದರು. ಆ ಸೀಮೆಯ ಹಳೆಯ ಗೋಧಿಯು ತುಕ್ಕುರೋಗವನ್ನು ಚೆನ್ನಾಗಿ ತಾಳುತ್ತಿತ್ತು. ಆದರೆ ಅದರ ದಂಟು ಎತ್ತರವಾಗಿ, ಗೊಬ್ಬರ ಹೆಚ್ಚಿದರೆ ನೆಲಕ್ಕೆ ಒರಗುತ್ತಿತ್ತು; ಮಾಗುವುದೂ ತಡವಾಗುತ್ತಿತ್ತು. ಸ್ತ್ರಾಂಪೆಲ್ಲಿಯವರು ಈ ತಳಿಯನ್ನು ಹಾಲೆಂಡಿನ ವಿಲ್ಹೆಲ್ಮಿನಾ ಗೋಧಿಯೊಡನೆ ಸಂಕರಮಾಡಿ, ಹಾಗೆ ಬಂದುದನ್ನು ೧೯೧೩ರಲ್ಲಿ ಅಕಾಕೊಮುಗಿ ಎಂಬ ಜಪಾನಿನ ಗೋಧಿಯೊಡನೆ ಕೂಡಿಸಿದರು. ಅಕಾಕೊಮುಗಿಯು ನೋಟಕ್ಕೆ ಅಲ್ಪವಾದ ತಳಿ. ಆದರೆ ಅದು ಗಿಡ್ಡವಾಗಿತ್ತು, ಬೇಗ ಹೂಬಿಡುತ್ತಿತ್ತು. ಈ ಸಂಕರದಿಂದ ಬಂದ ಆರ್ದಿತೊ, ಮೆಂತಾನಾ ಮೊದಲಾದ ತಳಿಗಳು ಬಿಸಿಗಾಳಿ ಬೀಸುವ ವೇಳೆಗೆ ಕಾಳನ್ನು ಬಲಿಸಿಕೊಂಡು ನಿಂತಿರುತ್ತಿದ್ದುವು. ಕೊಯ್ಲು ಮುಂಚೆ ಮುಗಿಯುತ್ತಿದ್ದುದರಿಂದ, ಮಲೇರಿಯಾ ಹರಡುವ ತಗ್ಗುಸೀಮೆಗಳಲ್ಲಿ ಕೂಲಿಯವರು ಜ್ವರದ ಕಾಲಕ್ಕೆ ಮೊದಲೇ ಹೊಲವನ್ನು ಬಿಟ್ಟು ಹೋಗಲು ಅವಕಾಶವಾಯಿತು. ೧೯೨೫ರಲ್ಲಿ ಮುಸೊಲಿನಿಯ ಸರ್ಕಾರವು ಹೂಡಿದ 'ಗೋಧಿಯ ಯುದ್ಧ'ವೆಂಬ ಚಳವಳಿಯು ಈ ತಳಿಗಳನ್ನೇ ನೆಚ್ಚಿಕೊಂಡಿತ್ತು. ಸ್ತ್ರಾಂಪೆಲ್ಲಿಯವರು ೧೯೪೨ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಗೋಧಿಗಳು ಅರ್ಜೆಂಟೀನಾಕ್ಕೂ ಚೀನಾಕ್ಕೂ ತಲಪಿದ್ದುವು.

ಅಕಾಕೊಮುಗಿಯಲ್ಲಿದ್ದ ಗುಣದ ಸ್ವರೂಪವು ಆಗ ಯಾರಿಗೂ ತಿಳಿದಿರಲಿಲ್ಲ. ಗಿಡಗಳು ಹಗಲಿನ ಉದ್ದವನ್ನು ಅಳೆದು ಹೂಬಿಡುತ್ತವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಪ್ರಕಟಿಸಿದುದು ೧೯೨೦ರಲ್ಲಿ. ಗೋಧಿಯು ಸ್ವಭಾವತಃ ಉದ್ದ ಹಗಲಿಗಾಗಿ ಕಾಯುವ ಗಿಡ. ವಸಂತದಲ್ಲಿ ಹಗಲು ಬೆಳೆಯುವವರೆಗೆ ಅದು ತೆನೆ ಹಾಯುವುದಿಲ್ಲ. ಅಕಾಕೊಮುಗಿಯು ಈ ಕಾಯುವಿಕೆಯನ್ನು ಬಿಟ್ಟಿತ್ತು. ಅದಕ್ಕೆ ಕಾರಣವಾದ ವಂಶವಾಹಿಯನ್ನು ಇಂಗ್ಲೆಂಡಿನ ನಾರಿಚ್ ನಗರದ ಜಾನ್ ಇನ್ನೆಸ್ ಸಂಸ್ಥೆಯವರು ೨೦೦೭ರಲ್ಲಿ ಗುರುತಿಸಿದರು. ಅದರಲ್ಲಿ ಒಂದು ತುಂಡು ಕಳಚಿಹೋಗಿರುವುದೇ ಈ ಬೇಗನೆಯ ಮೂಲವೆಂದು ಕಂಡುಬಂತು. ಹೀಗೆ, ಕಳೆದುಹೋದ ಒಂದು ಚೂರಿನಿಂದ ಇಟಲಿಯ ರೈತನಿಗೆ ಬೇಸಗೆಗೆ ಮುಂಚಿನ ಕೆಲವು ದಿನಗಳು ದೊರೆತಿದ್ದುವು.

೪

ಇದೇ ಗುಣವು ಮೆಕ್ಸಿಕೊ ದೇಶದಲ್ಲಿ ಬೇರೊಂದು ದಾರಿಯಿಂದ ಬಲಗೊಂಡಿತು. ೧೯೪೪ರಲ್ಲಿ ಅಲ್ಲಿಗೆ ಹೋದ ನಾರ್ಮನ್ ಬೋರ್ಲಾಗ್ ಅವರು ಒಂದೇ ವರ್ಷದಲ್ಲಿ ಎರಡು ಪೀಳಿಗೆಗಳನ್ನು ಬೆಳೆಯಬೇಕೆಂದು ಆಶಿಸಿ, ಚಳಿಗಾಲದಲ್ಲಿ ಸಮುದ್ರಮಟ್ಟಕ್ಕೆ ಸಮೀಪವಾದ ಸೊನೋರಾ ಬಯಲಿನಲ್ಲಿಯೂ ಬೇಸಗೆಯಲ್ಲಿ ಟೊಲೂಕಾ ಬಳಿಯ ಎತ್ತರದ ಸೀಮೆಯಲ್ಲಿಯೂ ಬಿತ್ತನೆ ಮಾಡಿದರು. ಒಂದು ಕಡೆ ಹಗಲು ಚಿಕ್ಕದಾಗಿದ್ದು ಬೆಳೆಯುತ್ತ ಹೋಗುವುದು. ಇನ್ನೊಂದು ಕಡೆ ದೊಡ್ಡದಾಗಿದ್ದು ಇಳಿಯುತ್ತ ಹೋಗುವುದು. ಎರಡರಲ್ಲಿಯೂ ಫಲಕೊಟ್ಟ ಗಿಡಗಳನ್ನು ಮಾತ್ರ ಉಳಿಸಿಕೊಂಡುದರಿಂದ, ಹಗಲಿನ ಉದ್ದವನ್ನು ಲೆಕ್ಕಿಸದ ತಳಿಗಳು ತಾವಾಗಿಯೇ ಆಯ್ದು ಬಂದುವು. ಕಾಲವನ್ನು ಉಳಿಸುವುದಕ್ಕಾಗಿ ಮಾಡಿದ ಏರ್ಪಾಡು ದೇಶವಿದೇಶಗಳಲ್ಲಿ ಬೆಳೆಯಬಲ್ಲ ಗೋಧಿಯನ್ನು ಕೊಟ್ಟಿತು. ಅವರು ಬಳಸಿಕೊಂಡ ತಾಯಿತಳಿಗಳಲ್ಲಿ ಸ್ತ್ರಾಂಪೆಲ್ಲಿಯವರ ಮೆಂತಾನಾ ಒಂದು. ಅದನ್ನು ಕೀನ್ಯಾದ ಗೋಧಿಯೊಡನೆ ಕೂಡಿಸಿ ಪಡೆದ ತಳಿಗೆ ಕೆಂತಾನಾ ಎಂದೇ ಹೆಸರು.

ಇದಕ್ಕೆ ಜಪಾನಿನ ನೋರಿನ್ ೧೦ ಎಂಬ ಗೋಧಿಯ ಕುಳ್ಳುತನವು ಅಮೆರಿಕದ ಮಾರ್ಗವಾಗಿ ಬಂದು ಸೇರಿದುದು ಪ್ರಸಿದ್ಧವಾಗಿಯೇ ಇದೆ. ಹಸುರು ಕ್ರಾಂತಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಈ ಕುಳ್ಳುತನವನ್ನೇ ಕೊಂಡಾಡುವರು. ದಂಟು ಗಿಡ್ಡವಾದುದರಿಂದ ಗೊಬ್ಬರವನ್ನು ಹೆಚ್ಚು ಹಾಕಲು ಸಾಧ್ಯವಾಯಿತೆಂಬುದು ನಿಜ. ಆದರೆ ಬಿಸಿದೇಶದ ರೈತನಿಗೆ ಹೊಸ ಗೋಧಿಯು ತಂದ ಎರಡನೆಯ ಲಾಭವು ದಿನಗಳ ಲಾಭವೆಂಬುದನ್ನು ಮರೆಯಲಾಗದು.

೫

ಭರತಖಂಡದ ಗೋಧಿಯ ಶಾಸ್ತ್ರೀಯ ವ್ಯಾಸಂಗವು ಬಿಹಾರದ ಪೂಸಾದಲ್ಲಿ ಮೊದಲಾಯಿತು. ೧೯೦೫ರಲ್ಲಿ ಅಲ್ಲಿ ಸ್ಥಾಪಿತವಾದ ಸಂಶೋಧನ ಸಂಸ್ಥೆಗೆ ಬಂದ ಆಲ್ಬರ್ಟ್ ಹೊವರ್ಡ್ ಅವರೂ ಅವರ ಪತ್ನಿ ಗೇಬ್ರಿಯಲ್ ಹೊವರ್ಡ್ ಅವರೂ ದೇಶದ ಗೋಧಿಗಳನ್ನು ಸಂಗ್ರಹಿಸಿ ವಿಂಗಡಿಸಿ ೧೯೦೯ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರಡಿಸಿದರು. ಪೂಸಾ ೪, ಪೂಸಾ ೧೨ ಎಂಬ ಅವರ ತಳಿಗಳು ಬಹುಕಾಲ ಹೊಲಗಳಲ್ಲಿ ನಿಂತುವು. ೧೯೩೪ರ ಭೂಕಂಪದಲ್ಲಿ ಪೂಸಾದ ಕಟ್ಟಡಗಳು ಹಾಳಾದ ಮೇಲೆ ೧೯೩೬ರಲ್ಲಿ ಸಂಸ್ಥೆಯು ದೆಹಲಿಗೆ ಬಂತು.

ಆ ಕಾಲದ ತಳಿಗಾರರ ಮುಖ್ಯ ಶತ್ರುವು ತುಕ್ಕುರೋಗ. ತುಕ್ಕು ಹಿಡಿದ ಗೋಧಿಯ ಕಾಳೂ ಕಾವಿಗೆ ಸಿಕ್ಕಿದ ಕಾಳಿನಂತೆಯೇ ಸೊರಗಿ ಸುಕ್ಕಾಗಿರುವುದು. ೧೯೪೬-೪೭ರಲ್ಲಿ ಮಧ್ಯಭಾರತದಲ್ಲಿ ಹಬ್ಬಿದ ತುಕ್ಕಿನಿಂದ ಬೆಳೆಯು ಘೋರವಾಗಿ ನಷ್ಟವಾಯಿತು. ಇಂತಹ ವಿಪತ್ತು ಕಣ್ಣೆದುರಿಗಿದ್ದಾಗ ಕಾವಿನ ಸದ್ದಿಲ್ಲದ ಕಳವು ಹಿಂದೆ ಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಕಾವು ರೈತನಿಗೆ ಒಂದು ಉಪಕಾರವನ್ನೂ ಮಾಡಿದುದುಂಟು. ಬಯಲುಸೀಮೆಯ ಬೇಸಗೆಯಲ್ಲಿ ತುಕ್ಕಿನ ಬೀಜಾಣುಗಳು ಬದುಕಲಾರವು; ಹಿಮಾಲಯ, ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಉಳಿದುಕೊಂಡು ಪ್ರತಿವರ್ಷವೂ ಗಾಳಿಯೊಡನೆ ಹೊಸದಾಗಿ ಇಳಿದುಬರುವುವು. ಇದನ್ನು ಆಗ್ರಾದ ಕೆ. ಸಿ. ಮೆಹತಾ ಅವರು ವರ್ಷಗಟ್ಟಲೆ ದುಡಿದು ಸ್ಥಾಪಿಸಿದರು.

೧೯೬೩ರಲ್ಲಿ ಬೋರ್ಲಾಗ್ ಅವರು ಇಲ್ಲಿಗೆ ಬಂದು ಗೋಧಿಯ ಸೀಮೆಗಳನ್ನು ನೋಡಿದರು. ೧೯೬೬ರಲ್ಲಿ ಮೆಕ್ಸಿಕೊದಿಂದ ೧೮,೦೦೦ ಟನ್ ಬಿತ್ತನೆಬೀಜವು ಬಂತು. ೧೯೬೪-೬೫ರಲ್ಲಿ ಸುಮಾರು ೧೨೩ ಲಕ್ಷ ಟನ್ನಾಗಿದ್ದ ದೇಶದ ಗೋಧಿಯು ೧೯೬೭-೬೮ರಲ್ಲಿ ಸುಮಾರು ೧೬೫ ಲಕ್ಷ ಟನ್ನಿಗೆ ಏರಿತು. ಮೆಕ್ಸಿಕೊದ ಸಾಮಗ್ರಿಯಿಂದ ಇಲ್ಲಿಯೇ ಆಯ್ದ ತಳಿಗಳಲ್ಲಿ ಕಲ್ಯಾಣಸೋನಾ, ಸೋನಾಲಿಕಾ ಎಂಬೆರಡು ಹೆಸರಾದುವು. ಪ್ರಸ್ತುತ ವಿಷಯಕ್ಕೆ ಸೋನಾಲಿಕಾ ಮುಖ್ಯವಾದುದು. ಅದು ಬೇಗ ಮಾಗುವ ತಳಿ. ಆದುದರಿಂದ ತಡವಾಗಿ ಬಿತ್ತಿದರೂ ಬೇಸಗೆಗೆ ಮುಂಚೆ ಒಂದು ಮಟ್ಟಿನ ಬೆಳೆಯನ್ನು ಕೊಡುತ್ತಿತ್ತು. ಗಂಗೆಯ ಬಯಲಿನ ಪೂರ್ವಭಾಗದಲ್ಲಿ, ಚಳಿಗಾಲವು ಚಿಕ್ಕದಾದ ಬಿಹಾರ ಬಂಗಾಳಗಳಲ್ಲಿ, ಅದು ಅಷ್ಟು ವಿಸ್ತಾರವಾಗಿ ಹರಡಿದುದಕ್ಕೆ ಇದೇ ಕಾರಣ. ಜಪಾನಿನಿಂದ ಇಟಲಿಗೂ ಇಟಲಿಯಿಂದ ಮೆಕ್ಸಿಕೊಗೂ ಸಾಗಿಬಂದ ಉಪಾಯವು ಹೀಗೆ ಗಂಗಾತೀರವನ್ನು ಸೇರಿತು.

೬

ಗಳಿಸಿದ ದಿನಗಳು ಹೇಗೆ ವ್ಯಯವಾದುವೆಂಬುದು ಈ ಚರಿತ್ರೆಯ ಮುಂದಿನ ಭಾಗ. ಹೊಸ ಗೋಧಿಯು ಬೇಗ ಮುಗಿಯುತ್ತಿದ್ದುದರಿಂದ, ಅದೇ ನೆಲದಲ್ಲಿ ಅದಕ್ಕೆ ಮುಂಚೆ ಇನ್ನೊಂದು ಬೆಳೆಯನ್ನು ತೆಗೆಯಲು ಅವಕಾಶವಾಯಿತು. ಕೊಳವೆಬಾವಿಯ ನೀರೂ, ಸರ್ಕಾರದ ಖರೀದಿಯ ಭರವಸೆಯೂ ದೊರೆತ ಮೇಲೆ ಆ ಬೆಳೆಯು ಬತ್ತವಾಯಿತು. ಪಂಜಾಬಿನಲ್ಲಿ ೧೯೬೦-೬೧ರಲ್ಲಿ ಸುಮಾರು ೨.೩ ಲಕ್ಷ ಹೆಕ್ಟೇರಿನಲ್ಲಿದ್ದ ಬತ್ತವು ೨೦೦೦-೦೧ರ ವೇಳೆಗೆ ೨೬ ಲಕ್ಷ ಹೆಕ್ಟೇರನ್ನು ಮುಟ್ಟಿತು. ಬತ್ತದ ಕೊಯ್ಲು ಮುಗಿದು, ಕೂಳೆಯನ್ನು ತೆಗೆದು, ಕೆಸರುಗದ್ದೆಯನ್ನು ಉತ್ತು ಹದಮಾಡುವುದರಲ್ಲಿ ಗೋಧಿಯ ಬಿತ್ತನೆಯು ಹಿಂದೆ ಬೀಳತೊಡಗಿತು. ನವೆಂಬರ್ ನಡುವಿನಲ್ಲಿ ಬಿತ್ತಿದ ಗೋಧಿಗೆ ಫೆಬ್ರುವರಿಯ ತಂಪು ದೊರೆಯುವುದು. ಡಿಸೆಂಬರಿನಲ್ಲಿ ಬಿತ್ತಿದುದಕ್ಕೆ ಮಾರ್ಚಿಯ ಕೊನೆಯೇ ಗತಿ. ಹೊತ್ತು ಮೀರಿದ ಒಂದೊಂದು ದಿನಕ್ಕೂ ಇಳುವರಿಯು ಶೇಕಡಾ ಒಂದರಷ್ಟು ಇಳಿಯುವುದೆಂದು ಸ್ಥೂಲವಾಗಿ ಹೇಳಬಹುದು.

ಒಂದು ಹಿತವು ಇನ್ನೊಂದು ಹಿತಕ್ಕೆ ಅಡ್ಡಬಂದ ನಿದರ್ಶನವೂ ಇಲ್ಲಿ ಉಂಟು. ಅಂತರ್ಜಲವು ಪಾತಾಳಕ್ಕಿಳಿಯುವುದನ್ನು ತಡೆಯುವುದಕ್ಕಾಗಿ ಪಂಜಾಬ್ ಸರ್ಕಾರವು ೨೦೦೯ರಲ್ಲಿ ಶಾಸನವೊಂದನ್ನು ಮಾಡಿ, ಜೂನ್ ೧೦ಕ್ಕೆ ಮೊದಲು ಬತ್ತದ ನಾಟಿ ಕೂಡದೆಂದು ವಿಧಿಸಿತು. ಉದ್ದೇಶವು ಯುಕ್ತವಾದುದೇ. ಆದರೆ ನಾಟಿಯು ಹಿಂದೆ ಹೋದಂತೆ ಕೊಯ್ಲೂ ಹಿಂದೆ ಹೋಗಿ, ಗೋಧಿಯ ಬಿತ್ತನೆಗೆ ಉಳಿದ ಬಿಡುವು ಇನ್ನಷ್ಟು ಇಕ್ಕಟ್ಟಾಯಿತು. ಕೂಳೆಗೆ ಬೆಂಕಿಯಿಡುವ ಆತುರಕ್ಕೆ ಈ ಇಕ್ಕಟ್ಟೂ ಒಂದು ಕಾರಣ. ಉಳದೆಯೇ ಕೂಳೆಯ ನಡುವೆ ಬೀಜವನ್ನು ಊರುವ ಕೂರಿಗೆಯಂತ್ರಗಳು ಬಂದುದು ಕಳೆದುಹೋದ ದಿನಗಳಲ್ಲಿ ಕೆಲವನ್ನಾದರೂ ಹಿಂದಕ್ಕೆ ಪಡೆಯುವುದಕ್ಕಾಗಿಯೇ.

ಈ ನಡುವೆ ಬೇಸಗೆಯೂ ತಾನಿದ್ದಲ್ಲಿ ನಿಲ್ಲಲಿಲ್ಲ. ಗಂಗೆಯ ಬಯಲಿನ ಗೋಧಿಯ ಹೊಲಗಳನ್ನು ಒಂಬತ್ತು ವರ್ಷಗಳ ಕಾಲ ಉಪಗ್ರಹದಿಂದ ತೆಗೆದ ಚಿತ್ರಗಳಲ್ಲಿ ಪರೀಕ್ಷಿಸಿ, ೩೪ ಡಿಗ್ರಿಯನ್ನು ಮೀರಿದ ಕಾವಿನಲ್ಲಿ ಪೈರಿನ ಹಸುರು ಎಷ್ಟು ಬೇಗ ಅಳಿಯುವುದೆಂಬುದನ್ನು ಲೋಬೆಲ್ ಮತ್ತು ಅವರ ಜೊತೆಗಾರರು ೨೦೧೨ರಲ್ಲಿ ಪ್ರಕಟಿಸಿದರು. ಬೆಳೆಗಳ ಲೆಕ್ಕಾಚಾರಕ್ಕಾಗಿ ಅದುವರೆಗೆ ಬಳಸುತ್ತಿದ್ದ ಗಣಿತದ ಮಾದರಿಗಳು ಈ ಹಾನಿಯನ್ನು ಕಡಮೆಯಾಗಿ ಎಣಿಸಿದ್ದುವೆಂದೂ ಅವರು ತೋರಿಸಿದರು. ಲೋಕದ ಹವೆಯು ಒಂದು ಡಿಗ್ರಿ ಏರಿದರೆ ಲೋಕದ ಗೋಧಿಯ ಫಲವು ಶೇಕಡಾ ೬ರಷ್ಟು ಇಳಿಯುವುದೆಂದು, ಮೂವತ್ತು ಮಾದರಿಗಳನ್ನು ಒಟ್ಟಿಗೆ ಹೋಲಿಸಿ ನೋಡಿದ ಆಸೆಂಗ್ ಮೊದಲಾದವರು ೨೦೧೫ರಲ್ಲಿ ಗಣಿಸಿದರು.

ಈ ಗಣನೆಗಳ ಅರ್ಥವು ೨೦೨೨ರಲ್ಲಿ ಹೊಲದಲ್ಲಿಯೇ ಕಂಡುಬಂತು. ಆ ವರ್ಷದ ಮಾರ್ಚಿ ತಿಂಗಳಿನಲ್ಲಿ ದೇಶದ ಸರಾಸರಿ ಗರಿಷ್ಠ ತಾಪಮಾನವು ೩೩.೧ ಡಿಗ್ರಿಯಾಗಿ, ೧೯೦೧ರಿಂದ ಇಟ್ಟಿರುವ ದಾಖಲೆಗಳಲ್ಲಿ ಆ ತಿಂಗಳಿಗೆ ಅದುವರೆಗಿನ ಅತ್ಯಧಿಕವೆನಿಸಿತು. ವಾಯವ್ಯದ ಬಯಲಿನಲ್ಲಿ ಗೋಧಿಯು ಆಗ ಹಾಲುಗಾಳಿನಿಂದ ಹಿಟ್ಟುಗಾಳಿಗೆ ತಿರುಗುವ ಹೊತ್ತು. ಫೆಬ್ರುವರಿಯಲ್ಲಿ ೧,೧೧೩ ಲಕ್ಷ ಟನ್ನೆಂದು ಅಂದಾಜು ಮಾಡಿದ್ದ ಬೆಳೆಯನ್ನು ಮೇ ತಿಂಗಳಿನಲ್ಲಿ ೧,೦೬೪ ಲಕ್ಷ ಟನ್ನಿಗೆ ಇಳಿಸಬೇಕಾಯಿತು. ಕಡೆಯ ಲೆಕ್ಕದಲ್ಲಿ ಅದು ೧,೦೭೭ ಲಕ್ಷ ಟನ್ನಾಗಿ ನಿಂತಿತು. ಮೇ ೧೩ರಂದು ಗೋಧಿಯ ರಫ್ತನ್ನು ಸರ್ಕಾರವು ನಿಷೇಧಿಸಿತು. ಉಕ್ರೇನಿನ ಯುದ್ಧದಿಂದ ಪೇಟೆಯ ಧಾರಣೆ ಏರಿದ್ದುದೂ ಸೇರಿ, ಸರ್ಕಾರದ ಖರೀದಿಯು ಹಿಂದಿನ ವರ್ಷದ ೪೩೩ ಲಕ್ಷ ಟನ್ನಿನಿಂದ ೧೮೮ ಲಕ್ಷ ಟನ್ನಿಗೆ ಬಿತ್ತು. ಈ ದೊಡ್ಡ ಸಂಖ್ಯೆಗಳಿಗಿಂತ ಒಂದು ಚಿಕ್ಕ ಆಜ್ಞೆಯಲ್ಲಿ ಆ ವರ್ಷದ ಕಾಳಿನ ಸ್ಥಿತಿಯು ಹೆಚ್ಚು ಸ್ಪಷ್ಟವ���ಗಿ ಕಾಣುವುದು. ಸುಕ್ಕಿದ ಮತ್ತು ಒಡೆದ ಕಾಳು ಶೇಕಡಾ ೬ರವರೆಗೆ ಇರಬಹುದೆಂಬ ಖರೀದಿಯ ನಿಯಮವನ್ನು ಪಂಜಾಬ್ ಹರಿಯಾಣಗಳಲ್ಲಿ ಶೇಕಡಾ ೧೮ರವರೆಗೆ ಸಡಿಲಿಸಬೇಕಾಯಿತು.

೭

ಉತ್ತರದ ಗೋಧಿಗೆ ಕಾವು ಕೊನೆಯಲ್ಲಿ ಬರುವ ಆಪತ್ತು; ಕರ್ಣಾಟಕದ ಗೋಧಿಗೆ ಅದು ಹುಟ್ಟಿನಿಂದ ಜೊತೆಗಿರುವ ಸಂಗಾತಿ. ಅತ್ಯಂತ ತಂಪಾದ ತಿಂಗಳಿನಲ್ಲಿಯೂ ಸರಾಸರಿ ತಾಪವು ೧೭.೫ ಡಿಗ್ರಿಯನ್ನು ಮೀರಿರುವ ಸೀಮೆಗಳನ್ನು ಗೋಧಿಯ ವಿದ್ವಾಂಸರು ನಿರಂತರ ತಾಪದ ಸೀಮೆಗಳೆಂದು ಕರೆಯುವರು. ಧಾರವಾಡ, ಗದಗ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಎರೆಭೂಮಿಯು ಈ ವರ್ಗಕ್ಕೆ ಸೇರಿದುದು. ಇಲ್ಲಿ ಗೋಧಿಯು ಹಿಂಗಾರಿಯ ಬೆಳೆ. ಮಳೆಗಾಲದ ಕೊನೆಯಲ್ಲಿ ನೆಲದಲ್ಲಿ ಉಳಿದ ಹಸಿಯನ್ನೇ ನಂಬಿ ಬಿತ್ತಿದ ಹೊಲಗಳು ಬಹಳ. ಆ ಹಸಿಯು ತೀರುವುದರೊಳಗೆ ಕಾಳು ಕಟ್ಟಬೇಕು. ಆದಕಾರಣ ತಪ್ಪಿಸಿಕೊಳ್ಳುವ ಉಪಾಯವು ಇಲ್ಲಿ ಅರ್ಧ ಮಾತ್ರ ಸಾಗುವುದು. ಉಳಿದರ್ಧವನ್ನು ತಾಳಿಕೊಂಡೇ ಕಳೆಯಬೇಕು.

ಹೀಗೆ ತಾಳಿಕೊಂಡು ಬಂದುದರಲ್ಲಿ ಜವೆ ಗೋಧಿಗೆ ವಿಶೇಷವಾದ ಸ್ಥಾನವಿದೆ. ಸದಕವೆಂದೂ ಇದನ್ನು ಕರೆಯುವರು. ಮಹಾರಾಷ್ಟ್ರದಲ್ಲಿ ಖಪಲಿಯೆಂದು ಹೆಸರು. ಇದು ಮನುಷ್ಯನು ಮೊತ್ತಮೊದಲು ಬೇಸಾಯಕ್ಕೆ ತಂದ ಧಾನ್ಯಗಳಲ್ಲಿ ಒಂದು. ಇದರ ಕಾಳು ಹೊಟ್ಟಿನೊಳಗೆ ಬಿಗಿಯಾಗಿ ಅಡಗಿರುವುದರಿಂದ ಒಕ್ಕಿದ ಮೇಲೆ ಕುಟ್ಟಿ ಬಿಡಿಸಬೇಕಾಗುತ್ತದೆ. ಈ ಶ್ರಮದಿಂದಾಗಿ ಲೋಕದ ಬಹುಭಾಗದಲ್ಲಿ ಇದು ಮರೆಯಾಯಿತು. ಉತ್ತರ ಕರ್ಣಾಟಕದಲ್ಲಿ ಮಾತ್ರ ಹುಗ್ಗಿ ಮಾದಲಿಗಳ ರುಚಿಯಿಂದಲೂ ಎರೆನೆಲದ ಒಗ್ಗಿಕೆಯಿಂದಲೂ ಉಳಿದುಬಂತು. ಇದು ಕಾವನ್ನೂ ತುಕ್ಕನ್ನೂ ತಾಳುವುದೆಂದು ಬೇಸಾಯಗಾರರಲ್ಲಿಯೂ ತಳಿಗಾರರಲ್ಲಿಯೂ ಹೆಸರಾಗಿದೆ. ಎನ್. ಪಿ. ೨೦೦ ಎಂಬುದು ಇದರ ಹಳೆಯ ಶುದ್ಧತಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿ. ಡಿ. ಕೆ. ೧೦೦೯, ೧೦೨೫, ೧೦೨೯ ಮೊದಲಾದ ಗಿಡ್ಡ ಜವೆ ಗೋಧಿಗಳನ್ನು ಹೊರತಂದಿರುವರು. ಆಸ್ಟ್ರೇಲಿಯಾದಲ್ಲಿ ಜವೆ ಗೋಧಿಯನ್ನು ರೊಟ್ಟಿಯ ಗೋಧಿಯೊಡನೆ ಸಂಕರಮಾಡಿ, ಹಾಗೆ ಬಂದ ಗಿಡಗಳನ್ನು ಕಾವಿಗೆ ಒಡ್ಡಿ ಪರೀಕ್ಷಿಸಿರುವುದೂ ಉಂಟು. ಹಿಂದುಳಿದ ಧಾನ್ಯವೆಂದು ಕೈಬಿಡಲಾಗಿದ್ದುದರ ಕಡೆಗೆ ಮುಂದುವರಿದ ವಿಜ್ಞಾನವು ಕೈಚಾಚಿರುವುದು ಗಮನಾರ್ಹ.

ತಾಳುವ ಶಕ್ತಿಯೆಂಬುದು ಒಂದೇ ಗುಣವಲ್ಲ. ಮೆಕ್ಸಿಕೊದ ಗೋಧಿ ಸಂಶೋಧನ ಕೇಂದ್ರದಲ್ಲಿ ರೆನಾಲ್ಡ್ಸ್ ಮೊದಲಾದವರು ೧೯೯೦ರ ದಶಕದಿಂದ ನಡೆಸಿದ ಕೆಲಸದಲ್ಲಿ, ಬಿಸಿಯ ಹೊಲದಲ್ಲಿ ಹೆಚ್ಚು ಕಾಳು ಕೊಡುವ ತಳಿಗಳ ಎಲೆಯ ಮೇಲ್ಮೈಯು ಇತರ ತಳಿಗಳದಕ್ಕಿಂತ ತಂಪಾಗಿರುವುದೆಂದು ಕಂಡುಬಂತು. ಎಲೆಯು ನೀರನ್ನು ಆವಿಯಾಗಿ ಬಿಡುತ್ತ ತನ್ನನ್ನು ತಾನೇ ತಂಪುಮಾಡಿಕೊಳ್ಳುವುದು. ಅದಕ್ಕೆ ಬೇರು ಆಳಕ್ಕಿಳಿದು ನೀರನ್ನು ತರಬೇಕು. ಕಾಳು ಬಲಿಯುವ ಸಮಯದಲ್ಲಿ ಬಿಸಿಯೇರಿದರೆ ತೆಳುವಾಗಿ ನೀರು ಹಾಯಿಸಬೇಕೆಂದು ರೈತರಿಗೆ ಹೇಳುವುದರ ತತ್ತ್ವವೂ ಇದೇ. ಎಲೆಯ ಹಸುರನ್ನು ಕೊನೆಯವರೆಗೂ ಉಳಿಸಿಕೊಳ್ಳುವುದು, ದಂಟಿನಲ್ಲಿ ಮುಂಚೆಯೇ ಕೂಡಿಟ್ಟ ಸಕ್ಕರೆಯನ್ನು ಆಪತ್ಕಾಲದಲ್ಲಿ ಕಾಳಿಗೆ ಸಾಗಿಸುವುದು, ಬಿಸಿಯಲ್ಲಿಯೂ ಪರಾಗವು ಕೆಡದಿರುವುದು ಇವೆಲ್ಲವೂ ಬೇರೆ ಬೇರೆ ಗುಣಗಳು. ಬೇಗ ಹೂಬಿಡುವ ಗುಣವು ಒಂದೇ ವಂಶವಾಹಿಯ ಬದಲಾವಣೆಯಿಂದ ಬಂದಂತೆ, ಇವೆಲ್ಲವೂ ಒಂದೇ ಸಲಕ್ಕೆ ಕೈಗೆ ಬರುವಂಥವಲ್ಲ. ತಾಳುವ ತಳಿಗಳ ಕೆಲಸವು ನಿಧಾನವಾಗಿರುವುದಕ್ಕೆ ಇದು ಮುಖ್ಯ ಕಾರಣ.

೮

ಮೇಲೆ ಹೇಳಿದ ಸಂಗತಿಗಳನ್ನು ಒಟ್ಟಿಗೆ ನೋಡಿದರೆ, ತಪ್ಪಿಸಿಕೊಳ್ಳುವ ಉಪಾಯಕ್ಕೆ ಎರಡು ಮಿತಿಗಳಿವೆಯೆಂದು ತಿಳಿಯುವುದು. ಮೊದಲನೆಯದು ಪೈರಿನ ಆಯುಷ್ಯಕ್ಕೆ ಸಂಬಂಧಪಟ್ಟುದು. ಬೆಳೆಯ ಕಾಲವನ್ನು ಮೊಟಕುಮಾಡುತ್ತ ಹೋದರೆ ಎಲೆಯೂ ತೆನೆಯೂ ಬೆಳೆಯುವ ದಿನಗಳೇ ಕಡಮೆಯಾಗಿ ಫಲವು ಕುಗ್ಗುವುದು. ಬಿತ್ತನೆಯನ್ನು ತೀರ ಮುಂದಕ್ಕೆ ತಂದರೆ ಮೊಳಕೆಯು ಅಕ್ಟೋಬರಿನ ಬಿಸಿಗೂ ಹೂವು ಜನವರಿಯ ಕೊರೆತಕ್ಕೂ ಸಿಕ್ಕುವುದು. ಎರಡನೆಯದು ಮನುಷ್ಯನಿಗೆ ಸಂಬಂಧಪಟ್ಟುದು. ತಳಿಗಾರನು ಗಳಿಸಿಕೊಟ್ಟ ದಿನಗಳು ಹೊಲದಲ್ಲಿ ಉಳಿತಾಯವಾಗಿ ನಿಲ್ಲುವುದಿಲ್ಲ. ಅವುಗಳನ್ನು ಇನ್ನೊಂದು ಬೆಳೆಯು, ಇನ್ನೊಂದು ಅಗತ್ಯವು, ಇನ್ನೊಂದು ಶಾಸನವು ತೆಗೆದುಕೊಂಡುಬಿಡುವುದು. ಇಟಲಿಯಲ್ಲಿ ಬಿಸಿಗಾಳಿಯಿಂದ ತಪ್ಪಿಸಿಕೊಳ್ಳುವುದಕ್ಕೆ ದೊರೆತ ದಿನಗಳು ಪಂಜಾಬಿನಲ್ಲಿ ಬತ್ತಕ್ಕೆ ಸಂದುವು. ಆಮೇಲೆ ಬೇಸಗೆಯೇ ಮುಂದೆ ಬಂದಾಗ ಹಿಂದೆ ಸರಿಯಲು ಸ್ಥಳವಿರಲಿಲ್ಲ.

ಮೊದಲನೆಯ ಬಗೆಯನ್ನು ಬಿಟ್ಟುಬಿಡಬೇಕೆಂದು ಇದರಿಂದ ಅರ್ಥವಾಗುವುದಿಲ್ಲ. ಸಕಾಲದ ಬಿತ್ತನೆಗಿಂತ ಸುಲಭವಾದ ರಕ್ಷಣೆಯು ಗೋಧಿಗೆ ಇಂದಿಗೂ ಇಲ್ಲ. ಆದರೆ ಅದೊಂದನ್ನೇ ನಂಬಿರುವ ಕಾಲವು ೨೦೨೨ರ ಮಾರ್ಚಿಯೊಡನೆ ಮುಗಿಯಿತೆನ್ನಬಹುದು. ಸ್ತ್ರಾಂಪೆಲ್ಲಿಯವರು ಯಾರೂ ಲಕ್ಷಿಸದ ಜಪಾನಿನ ಕಿರಿಯ ಗೋಧಿಯೊಂದರಲ್ಲಿ ತಮಗೆ ಬೇಕಾದ ಗುಣವನ್ನು ಕಂಡುಕೊಂಡರು. ಅಂತಹ ಗುಣಗಳು ಇರುವುದು ಹಳೆಯ ತಳಿಗಳನ್ನು ಬಿತ್ತುತ್ತ ಬಂದಿರುವ ಹೊಲಗಳಲ್ಲಿ, ಅವುಗಳ ಬೀಜವನ್ನು ಕಾಯ್ದಿಟ್ಟಿರುವ ಉಗ್ರಾಣಗಳಲ್ಲಿ. ಎರೆನೆಲದ ರೈತನು ಜವೆ ಗೋಧಿಯನ್ನು ಬಿತ್ತುವುದನ್ನು ಬಿಟ್ಟ ವರ್ಷ ಅವನಿಗಾಗುವ ನಷ್ಟವು ಹುಗ್ಗಿಯ ರುಚಿಯೊಂದೇ ಆಗಿ ತೋರಬಹುದು. ಆದರೆ ಬೇಸಗೆಯ ನಡುವೆ ಕಾಳು ಕಟ್ಟುವ ವಿದ್ಯೆಯನ್ನು ಸಾವಿರಾರು ವರ್ಷಗಳಿಂದ ಕಲಿತ ಪೈರೊಂದು ಅದರೊಡನೆ ಹೊಲವನ್ನು ಬಿಟ್ಟುಹೋಗುವುದು.